ಪ್ರಕಟನೆಯ ಗ್ರಂಥವೂ ಅದರ ಅನುಷ್ಠಾನವೂ

ಕ್ರೈಸ್ತರ ಹೊಸ ಒಡಂಬಡಿಕೆಯ ಕಡೆಯ ಗ್ರಂಥಕ್ಕೆ ಕನ್ನಡದಲ್ಲಿ 'ಪ್ರಕಟನೆ' ಎಂದು ಹೆಸರಿಟ್ಟಿರುವುದು ಬಹು ಉಚಿತವಾಗಿದೆ. ಮೂಲದ ಗ್ರೀಕ್ ಶಬ್ದಕ್ಕೆ ತೆರೆಯನ್ನು ಸರಿಸುವುದೆಂದೇ ಅರ್ಥ. ಪ್ರಳಯವೆಂಬ ಅರ್ಥವು ಅದಕ್ಕೆ ತರುವಾಯ ಅಂಟಿಕೊಂಡದ್ದು. ಈ ಗ್ರಂಥವನ್ನು ಭಾವಿಕಾಲದ ಪಂಚಾಂಗವೆಂದು ಓದಿದವರುಂಟು. ಪ್ರಸ್ತುತ ಜೀವನದ ಕನ್ನಡಿಯೆಂದು ಓದಿದವರೂ ಉಂಟು. ಯಾರ ಗಣಿತವು ಎಷ್ಟು ತಪ್ಪಿತೆಂಬುದು ಚರಿತ್ರಕಾರನ ವಿಷಯ. ಗ್ರಂಥದ ಪ್ರತಿಮೆಗಳನ್ನು ಅವರು ಹೇಗೆ ಗ್ರಹಿಸಿದರು, ಆ ಗ್ರಹಿಕೆಯು ಅವರ ನಡೆಯನ್ನು ಏನು ಮಾಡಿತು ಎಂಬುದು ವಿಮರ್ಶಕನ ವಿಷಯ.

ಈ ಪರೀಕ್ಷೆಗೆ ಐದನೆಯ ಅಧ್ಯಾಯವೇ ಒರೆಗಲ್ಲು. ಮುದ್ರೆ ಹಾಕಿದ ಸುರುಳಿಯನ್ನು ಬಿಚ್ಚಲು ಯೂದಕುಲದ ಸಿಂಹವು ಸಮರ್ಥವೆಂಬ ಮಾತು ಯೋಹಾನನ ಕಿವಿಗೆ ಬೀಳುತ್ತದೆ; ಕಣ್ಣಿಗೆ ಕಾಣುವುದಾದರೋ ವಧೆಯಾದಂತಿದ್ದ ಕುರಿಮರಿ. ಕೇಳಿದ್ದೊಂದು, ಕಂಡದ್ದೊಂದು. ಅಲ್ಲಿಂದಾಚೆಗೆ ಗ್ರಂಥದುದ್ದಕ್ಕೂ ನಿಲ್ಲುವುದು ಕುರಿಮರಿಯೆಂಬ ಹೆಸರೇ. ಹತ್ತೊಂಬತ್ತನೆಯ ಅಧ್ಯಾಯದ ಅಶ್ವಾರೂಢನ ಖಡ್ಗವು ಕೈಯಲ್ಲಿಲ್ಲ, ಬಾಯಿಂದ ಹೊರಡುತ್ತದೆ. ಎಂದರೆ ಅದು ವಾಕ್ಕೇ ಹೊರತು ಉಕ್ಕಲ್ಲ. ಈ ರೂಪಕವನ್ನು ಕಂಡವರಿಗೂ ಕಾಣದವರಿಗೂ ಒದಗಿದ ಗತಿಗಳು ಬೇರೆಬೇರೆ.

ಪೂರ್ವದೇಶದ ಸನಾತನ ಸಭೆಯವರು ಗ್ರಂಥವನ್ನು ಅಂಗೀಕರಿಸಿದರೂ ತಮ್ಮ ಆರಾಧನೆಯ ನಿಯತ ಪಾಠಗಳಲ್ಲಿ ಅದಕ್ಕೆ ಎಡೆಗೊಡಲಿಲ್ಲ. ಇದು ಅನಾದರವಲ್ಲ, ಎಚ್ಚರಿಕೆಯೆಂದು ನಮಗೆ ತೋರುತ್ತದೆ. ಪಶ್ಚಿಮದಲ್ಲಿ ಅಗಸ್ಟೀನನು ಸಹಸ್ರವರ್ಷಗಳ ರಾಜ್ಯವನ್ನು ಮೊದಲು ತಾನೂ ಅಕ್ಷರಶಃ ನಂಬಿದ್ದುದಾಗಿ 'ದೇವನಗರ'ದ ಇಪ್ಪತ್ತನೆಯ ಭಾಗದಲ್ಲಿ ಒಪ್ಪಿಕೊಂಡು, ಸಭೆಯ ಈಗಿನ ಕಾಲವೇ ಆ ಸಹಸ್ರವೆಂದು ವ್ಯಾಖ್ಯಾನಿಸಿದನು. ಇದರಿಂದ ಶಾಂತಿ ದೊರಕಿತು. ಆದರೆ ಗ್ರಂಥದ ಬಿಸಿಯೂ ಒಂದಿಷ್ಟು ಆರಿತು.

ಆ ಬಿಸಿಯು ಬೆಂಕಿಯಾದುದು ಮ್ಯೂನ್‌ಸ್ಟರ್ ನಗರದಲ್ಲಿ. 1534ರಲ್ಲಿ ಪುನರ್ದೀಕ್ಷಾವಾದಿಗಳ ಒಂದು ಪಂಗಡವು ಆ ಊರೇ ಹೊಸ ಯೆರೂಸಲೇಮೆಂದು ಸಾರಿ ಆಯುಧ ಹಿಡಿಯಿತು. ಮುಂದಾಳಾದ ಯಾನ್ ಮಾಥೈಸನು ಆ ವರ್ಷದ ಈಸ್ಟರಿನ ವೇಳೆಗೆ ಮುತ್ತಿಗೆಯವರ ಮೇಲೆ ಏರಿಹೋಗಿ ಮಡಿದನು. ಲೈಡನ್ನಿನ ಯಾನನು ಬಹುಪತ್ನೀತ್ವವನ್ನು ವಿಧಿಸಿ ರಾಜನೆನಿಸಿಕೊಂಡನು. 1535ರ ಜೂನಿನಲ್ಲಿ ನಗರವು ಬಿದ್ದು ರಕ್ತಪಾತವಾಯಿತು. ಸ್ವರ್ಗದಿಂದ ಇಳಿದುಬರಬೇಕಾದ ಪಟ್ಟಣವನ್ನು ಇವರು ಭೂಪಟದಲ್ಲಿ ಗುರುತಿಸಿದರು. ಕುರಿಮರಿಯನ್ನು ಬಿಟ್ಟು ಸಿಂಹವನ್ನೇ ಹಿಡಿದರು. 1536ರಲ್ಲಿ ಪಾದ್ರಿಪದವಿಯನ್ನು ತ್ಯಜಿಸಿ ಅದೇ ಸಂಪ್ರದಾಯದಲ್ಲಿ ಸೇರಿದ ಮೆನ್ನೊ ಸೈಮನ್ಸನ ಅನುಯಾಯಿಗಳಾದರೋ ಖಡ್ಗವನ್ನೇ ನಿರಾಕರಿಸಿ, ಹಿಂಸೆಯನ್ನು ಸಹಿಸುವುದೇ ಸಾಕ್ಷಿಯೆಂದು ಬಾಳಿದರು. ಗ್ರಂಥವೂ ಒಂದೇ, ಪಂಗಡದ ಮೂಲವೂ ಒಂದೇ. ಹೀಗಿರಲು, ದೋಷವು ಗ್ರಂಥದ್ದೆನ್ನುವ ಆಕ್ಷೇಪಕ್ಕೆ ಆಧಾರವೆಲ್ಲಿ?

ಕನ್ನಡಿಗರಿಗೆ ಹತ್ತಿರವಾದ ಇನ್ನೊಂದು ನಿದರ್ಶನವುಂಟು. ವ್ಯುರ್ಟೆಂಬರ್ಗಿನ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687–1752) ದೊಡ್ಡ ಪಾಠಸಂಶೋಧಕ. 1734ರಲ್ಲಿ ಹೊಸ ಒಡಂಬಡಿಕೆಯ ಗ್ರೀಕ್ ಮೂಲವನ್ನು ಪರಿಷ್ಕರಿಸಿದವನು. ಸುಲಭ ಪಾಠಕ್ಕಿಂತ ಕ್ಲಿಷ್ಟ ಪಾಠವೇ ಗ್ರಾಹ್ಯವೆಂಬ ಅವನ ಸೂತ್ರವು ನಮ್ಮ ಪ್ರಾಚೀನ ಕಾವ್ಯಗಳ ಸಂಪಾದಕರಿಗೂ ಪರಿಚಿತವೇ. ಇಂಥವನು ಮೃಗದ ಅಂಕಿಯಾದ 666ನ್ನು ವರ್ಷಗಳೆಂದೆಣಿಸಿ, ಗ್ರಂಥೋಕ್ತವಾದ 42 ತಿಂಗಳುಗಳಿಗೆ ಹಂಚಿ, 1836ರಲ್ಲಿ ಮೃಗದ ಪತನವೆಂದು ನಿಗದಿಮಾಡಿದನು. ಅಕ್ಷರದಲ್ಲಿ ಕ್ಲಿಷ್ಟವನ್ನು ಆರಿಸಿದವನು ಅರ್ಥದಲ್ಲಿ ಸುಲಭಕ್ಕೆ ಒಲಿದನು. ಭಾಗಾಕಾರವು ಸುಲಭ, ಉಗುರುಬೆಚ್ಚಗಿರುವ ಲವೊದಿಕೀಯದವರಿಗೆ ಬರೆದ ಪತ್ರವನ್ನು ತನಗೇ ಬಂದುದೆಂದು ಓದಿಕೊಳ್ಳುವುದು ಕಷ್ಟ.

ಆದರೂ ಬೆಂಗೆಲನ ಪರಂಪರೆಯನ್ನು ಆ ಲೆಕ್ಕದಿಂದಲೇ ತೂಗುವುದು ನ್ಯಾಯವಲ್ಲ. ಅಂತ್ಯದ ನಿರೀಕ್ಷೆಯು ಆ ಭಕ್ತರನ್ನು ಕೈಕಟ್ಟಿ ಕೂರಿಸಲಿಲ್ಲ. ಬಾಸೆಲ್ ಮಿಶನ್ನಿಗೆ ಬಹುಮಂದಿ ಕೆಲಸಗಾರರನ್ನು ಕೊಟ್ಟದ್ದು ಆ ನಾಡೇ. 1836ನೆಯ ವರ್ಷವು ಮೃಗದ ಪತನವಿಲ್ಲದೆ ಕಳೆಯಿತು. ಅದೇ ವರ್ಷ ವ್ಯುರ್ಟೆಂಬರ್ಗಿನ ಹೆರ್ಮನ್ ಮೋಗ್ಲಿಂಗನು ಇಂಡಿಯಕ್ಕೆ ಬಂದನು. ಇವೆರಡಕ್ಕೂ ಕಾರ್ಯಕಾರಣ ಸಂಬಂಧವನ್ನು ಕಲ್ಪಿಸುವುದು ದುಡುಕು. ಬಂದವನು ಕನ್ನಡವನ್ನು ಕಲಿತು, 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿ, ಅನಂತರ ನಮ್ಮ ಹಳೆಯ ಕಾವ್ಯಗಳನ್ನು ಅಚ್ಚಿಗೆ ಸಿದ್ಧಪಡಿಸಲು ಕುಳಿತನು.