ಗಾಡಿಯ ಹಿಂದೆ ದೋಣಿ

ಕಲ್ಯಾಣಪುರದಿಂದ ಯಾವ ಕಡೆ ಹೊರಟರೂ ನೀರು ಎದುರಾಗುತ್ತದೆ. ಸಂತೆಕಟ್ಟೆಯಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಸ್ವರ್ಣೆಯ ಸೇತುವೆ, ಬ್ರಹ್ಮಾವರ ದಾಟಿದರೆ ಮಾಬುಕಳದಲ್ಲಿ ಸೀತೆ. ಪಶ್ಚಿಮಕ್ಕೆ ತಿರುಗಿದರೆ ಕೆಮ್ಮಣ್ಣು, ತಿಮ್ಮಣ್ಣಕುದ್ರು, ಹೂಡೆ, ಕೊನೆಗೆ ಎರಡೂ ಹೊಳೆ ಕೂಡಿ ಕಡಲು ಸೇರುವ ಕೋಡಿ ಬೆಂಗ್ರೆಯ ಅಳಿವೆ. ದಕ್ಷಿಣಕ್ಕೆ ಉದ್ಯಾವರ ಹೊಳೆ, ಇನ್ನೂ ಕೆಳಗೆ ಮೂಲ್ಕಿಯ ಶಾಂಭವಿ. ಇಷ್ಟು ನೀರಿನ ನಡುವೆ ಬದುಕುವ ನಾವು ನಾಲ್ಕೂ ಚಕ್ರ ಎಳೆಯುವ ಗಾಡಿಗಳನ್ನು ಆಸೆಪಟ್ಟು ಕೊಳ್ಳುತ್ತೇವೆ. ಮಣಿಪಾಲದ ಟೈಗರ್ ಸರ್ಕಲ್ ಬಳಿ ಸಂಜೆ ಸ್ವಲ್ಪ ಹೊತ್ತು ನಿಂತರೆ ಥಾರ್, ಜಿಮ್ನಿಗಳು ಸಾಕಷ್ಟು ಕಾಣುತ್ತವೆ. ಅವುಗಳ ಹಿಂದೆ ಒಂದು ಸಣ್ಣ ದೋಣಿ ಕಟ್ಟಿದ್ದು ಮಾತ್ರ ಅಪರೂಪ.

ನಮ್ಮ ಕರಾವಳಿಯಲ್ಲಿ ಆಫ್‌ರೋಡ್ ಗಾಡಿಗೆ ಇದಕ್ಕಿಂತ ಒಳ್ಳೆಯ ಕೆಲಸ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಕೆಸರು ಗುಂಡಿಗೆ ಇಳಿದು ಹತ್ತುವುದು ಒಂದು ಮಧ್ಯಾಹ್ನದ ಖುಷಿ. ದೋಣಿ ಎಳೆದುಕೊಂಡು ಹೋದರೆ ರಸ್ತೆ ಮುಗಿದ ಮೇಲೂ ನಿಮ್ಮ ಪ್ರಯಾಣ ಮುಂದುವರಿಯುತ್ತದೆ. ಜೀಪು ಹುಟ್ಟಿದ್ದೂ ಇಂಥ ಕೆಲಸಕ್ಕೇ. ಎರಡನೇ ಮಹಾಯುದ್ಧದಲ್ಲಿ ವಿಲ್ಲಿಸ್ ಜೀಪಿನ ಜೊತೆಗೆ ಕಾಲು ಟನ್ನಿನ ಪುಟ್ಟ ಟ್ರೇಲರ್ ಇತ್ತು. ಅಮೆರಿಕದ ಬಾಂಟಮ್ ಕಂಪನಿ ಮಾಡಿದ ಆ ಟ್ರೇಲರಿನ ತೊಟ್ಟಿಯೊಳಗೆ ನೀರು ನುಗ್ಗುತ್ತಿರಲಿಲ್ಲ, ಹೊಳೆ ದಾಟುವಾಗ ಅದು ತೇಲುತ್ತಿತ್ತು. 1940ರ ದಶಕದ ಕೊನೆಗೆ ಮಹೀಂದ್ರಾ ಕಂಪನಿ ಮುಂಬಯಿಯಲ್ಲಿ ಜೋಡಿಸತೊಡಗಿದ ಜೀಪು ಇದೇ ವಂಶದ್ದು. ಇವತ್ತಿನ ಥಾರ್ ಅದರ ಮೊಮ್ಮಗ.

ಟ್ರೇಲರಿನ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಗಾಡಿ ಎಷ್ಟು ಎಳೆಯುತ್ತದೆ? ಇಂದಿನ ಇಂಜಿನುಗಳಿಗೆ ಎಳೆಯುವುದು ಕಷ್ಟವಲ್ಲ. ಕೇಳಬೇಕಾದ್ದು, ಹಿಂದಿನ ಭಾರ ನೂಕುತ್ತಿರುವಾಗ ನಿಮ್ಮ ಬ್ರೇಕು ಎರಡನ್ನೂ ನಿಲ್ಲಿಸುತ್ತದೆಯೇ ಎಂದು. ಗುರುಗ್ರಾಮದಲ್ಲಿ ತಯಾರಾಗುವ ಐದು ಬಾಗಿಲಿನ ಜಿಮ್ನಿಯೇ ಆಸ್ಟ್ರೇಲಿಯಕ್ಕೂ ಹೋಗುತ್ತದೆ. ಅಲ್ಲಿ ಕಂಪನಿ ಕೊಟ್ಟಿರುವ ಮಿತಿ ನೋಡಿ: ಟ್ರೇಲರಿಗೆ ಅದರದ್ದೇ ಬ್ರೇಕ್ ಇದ್ದರೆ 1,300 ಕಿಲೋ, ಇಲ್ಲದಿದ್ದರೆ 350 ಕಿಲೋ. ಗಾಡಿ ಅದೇ, ಇಂಜಿನ್ ಅದೇ. ಬ್ರೇಕ್ ಒಂದು ಇಲ್ಲದಿದ್ದರೆ ಮಿತಿ ಸುಮಾರು ಕಾಲು ಭಾಗಕ್ಕೆ ಬಂತು.

ಈ 350 ಕಿಲೋ ಎಷ್ಟು ಬೇಗ ತುಂಬುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ತಿಳಿಯಬೇಕು. ಸಣ್ಣ ಫೈಬರ್ ದೋಣಿ 140 ಕಿಲೋ ಎಂದಿಟ್ಟುಕೊಳ್ಳಿ. ಒಂಬತ್ತು ಹತ್ತು ಅಶ್ವಶಕ್ತಿಯ ಔಟ್‌ಬೋರ್ಡ್ ಮೋಟಾರು ಸುಮಾರು 40. ಇಪ್ಪತ್ತೈದು ಲೀಟರ್ ಪೆಟ್ರೋಲು, ಅದರ ಕ್ಯಾನು ಸೇರಿ 20. ಲಂಗರು, ಹಗ್ಗ, ಹುಟ್ಟು, ಲೈಫ್ ಜಾಕೆಟ್, ಬುತ್ತಿ, ನೀರು ಎಲ್ಲ ಕೂಡಿ 40. ಟ್ರೇಲರಿನದೇ ತೂಕ 150. ಒಟ್ಟು 390 ಆಯಿತು, ಮಿತಿ ದಾಟಿತು. ಮೋಟಾರನ್ನೂ ಪೆಟ್ರೋಲನ್ನೂ ಗಾಡಿಯೊಳಗೆ ಇಟ್ಟರೆ ಟ್ರೇಲರಿನ ಭಾರ 330ಕ್ಕೆ ಇಳಿಯುತ್ತದೆ. ದೋಣಿ ಆರಿಸುವಾಗ ಇಬ್ಬರು ಎತ್ತಬಲ್ಲದ್ದನ್ನು ಆರಿಸಿ ಎಂದು ನಾನು ಹೇಳುವುದು ಇದಕ್ಕೇ. ಅದಕ್ಕೂ ಮೊದಲು ನಿಮ್ಮ ಗಾಡಿಯ ಕೈಪಿಡಿ ತೆರೆದು ಎಳೆಯುವ ಬಗ್ಗೆ ನಮ್ಮ ದೇಶದಲ್ಲಿ ಏನು ಬರೆದಿದ್ದಾರೆ ಎಂದು ಓದಿ. ಬೇಡ ಎಂದಿದ್ದರೆ ಬೇಡ, ಅಲ್ಲಿಗೆ ಮುಗಿಯಿತು.

ಒಟ್ಟು ತೂಕದಷ್ಟೇ ಮುಖ್ಯ ಅದು ಎಲ್ಲಿ ಕೂತಿದೆ ಎಂಬುದು. ಟ್ರೇಲರಿನ ಮೂತಿ ಗಾಡಿಯ ಕೊಕ್ಕೆಯ ಗುಂಡಿನ ಮೇಲೆ ಕೂರುತ್ತದಲ್ಲ, ಅಲ್ಲಿ ಒಟ್ಟು ಭಾರದ ಹತ್ತನೇ ಒಂದು ಪಾಲು ಇಳಿದಿರಬೇಕು. 330 ಕಿಲೋಗೆ 33. ಮನೆಯಲ್ಲಿ ಮೈತೂಕ ನೋಡುವ ಯಂತ್ರದ ಮೇಲೆ, ಕೊಕ್ಕೆಯ ಎತ್ತರಕ್ಕೆ ಸರಿಯಾಗಿ ಒಂದು ಮರದ ತುಂಡು ನಿಲ್ಲಿಸಿ, ಮೂತಿಯನ್ನು ಅದರ ಮೇಲಿಟ್ಟರೆ ಗೊತ್ತಾಗುತ್ತದೆ. ಭಾರ ಹಿಂದಕ್ಕೆ ಸರಿದು ಮೂತಿ ಹಗುರಾದರೆ ಹೆದ್ದಾರಿಯ ವೇಗದಲ್ಲಿ ಟ್ರೇಲರ್ ಎಡಕ್ಕೂ ಬಲಕ್ಕೂ ಬೀಸತೊಡಗುತ್ತದೆ. ಬೀಸು ಶುರುವಾದರೆ ಸ್ಟೀರಿಂಗ್ ತಿರುಗಿಸಿ ಸರಿಮಾಡಲು ಹೋಗಬೇಡಿ, ಬ್ರೇಕ್ ಒತ್ತಬೇಡಿ. ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ತಾನಾಗಿ ಅಡಗುತ್ತದೆ. ಹೆಬ್ರಿ ದಾಟಿ ಆಗುಂಬೆ ಘಾಟಿ ಹತ್ತಿ ತುಂಗೆಯ ಕಡೆ ದೋಣಿ ಒಯ್ಯುವ ಆಸೆಯಿದ್ದವರು ಇನ್ನೊಂದು ಮಾತು ನೆನಪಿಡಬೇಕು: ತಿರುವಿನಲ್ಲಿ ಟ್ರೇಲರಿನ ಚಕ್ರ ಗಾಡಿಯ ಚಕ್ರದ ಹಾದಿಗಿಂತ ಒಳಗೆ ಬರುತ್ತದೆ, ಅಗಲಕ್ಕೆ ಹೊಡೆಯದಿದ್ದರೆ ಮೋರಿಕಟ್ಟೆಗೆ ಬಡಿಯುತ್ತದೆ. ಇಳಿಯುವಾಗ ಎರಡನೇ ಗೇರು.

ಕಾನೂನಿನ ವಿಷಯ ಚಿಕ್ಕದು, ಆದರೆ ಬಿಡುವಂಥದ್ದಲ್ಲ. ಟ್ರೇಲರಿಗೂ ನೋಂದಣಿ ಬೇಕು. ಒಟ್ಟು ತೂಕ 750 ಕಿಲೋ ಮೀರದ್ದು ಟಿ1 ವರ್ಗ, ನಮ್ಮ ದೋಣಿಗಳಿಗೆ ಅದು ಧಾರಾಳ. 1988ರ ಮೋಟಾರು ವಾಹನ ಕಾಯ್ದೆಯ 61ನೇ ಕಲಮಿನ ಪ್ರಕಾರ ಟ್ರೇಲರಿನ ಸ್ವಂತ ನಂಬರು ಅದರ ಪಕ್ಕದಲ್ಲಿ, ಎಳೆಯುವ ಗಾಡಿಯ ನಂಬರು ಅದರ ಹಿಂಭಾಗದಲ್ಲಿ ಇರಬೇಕು. ವೆಲ್ಡಿಂಗ್ ಅಂಗಡಿಯಲ್ಲಿ ಹಳೆಯ ಆಕ್ಸಲಿಗೆ ಕಬ್ಬಿಣದ ಪಟ್ಟಿ ಕೂಡಿಸಿ, ಕಾಗದಪತ್ರ ಇಲ್ಲದೆ ರಸ್ತೆಗಿಳಿಸಿದರೆ ಅಪಘಾತದ ದಿನ ವಿಮೆಯವರ ಎದುರು ನಿಮ್ಮಲ್ಲಿ ಉತ್ತರ ಇರುವುದಿಲ್ಲ. ದೋಣಿಗೆ ಮೋಟಾರು ಕೂರಿಸಿದರೆ ಅದಕ್ಕೂ ತಪಾಸಣೆ, ನೋಂದಣಿ ಉಂಟು. ಹೊಳೆಯಲ್ಲಿ ಓಡಿಸಿದರೂ 2021ರ ಒಳನಾಡು ಹಡಗುಗಳ ಕಾಯ್ದೆ ಅನ್ವಯಿಸುತ್ತದೆ. ಹುಟ್ಟು ಹಾಕಿ ನಡೆಸುವ ದೋಣಿಗಳನ್ನೂ ಈ ಕಾಯ್ದೆ ಪೂರ್ತಿ ಬಿಟ್ಟಿಲ್ಲ, ಯಂತ್ರವಿಲ್ಲದ ದೋಣಿಗಳಿಗೆ ಅದರಲ್ಲಿ ಬೇರೆಯೇ ಅಧ್ಯಾಯವಿದೆ.

ಇನ್ನು ರಿವರ್ಸ್. ಈ ಹವ್ಯಾಸದ ಸೊಗಸೆಲ್ಲ ಇಲ್ಲಿದೆ ಎಂದರೂ ಸಲ್ಲುತ್ತದೆ. ಟ್ರೇಲರ್ ಕಟ್ಟಿದ ಗಾಡಿ ಹಿಂದಕ್ಕೆ ಹೋಗುವಾಗ ನೀವು ಬಲಕ್ಕೆ ತಿರುಗಿಸಿದರೆ ಅದು ಎಡಕ್ಕೆ ಹೋಗುತ್ತದೆ. ಮೊದಲ ದಿನ ಎಂಥವರಿಗೂ ತಲೆ ತಿರುಗುತ್ತದೆ. ಉಪಾಯ ಸುಲಭ: ಸ್ಟೀರಿಂಗಿನ ಕೆಳತುದಿಯನ್ನು ಒಂದು ಕೈಯಲ್ಲಿ ಹಿಡಿಯಿರಿ. ಟ್ರೇಲರ್ ಎಡಕ್ಕೆ ಹೋಗಬೇಕೆಂದರೆ ಕೈ ಎಡಕ್ಕೆ, ಬಲಕ್ಕೆ ಹೋಗಬೇಕೆಂದರೆ ಕೈ ಬಲಕ್ಕೆ. ಬೆರಳು ಅಗಲದಷ್ಟೇ ತಿರುಗಿಸಿ, ಕಾಯಿರಿ, ಅದು ಉತ್ತರ ಕೊಟ್ಟ ಮೇಲೆ ಮತ್ತೆ ತಿರುಗಿಸಿ. ಮಡಚಿಕೊಳ್ಳಲು ಶುರುವಾದರೆ ನಿಲ್ಲಿಸಿ ಮುಂದಕ್ಕೆ ಎಳೆದು ನೇರ ಮಾಡಿಕೊಳ್ಳಿ. ಅದರಲ್ಲಿ ನಾಚಿಕೆಯಿಲ್ಲ, ಪಳಗಿದವರೂ ಹಾಗೆಯೇ ಮಾಡುತ್ತಾರೆ. ಗಿಡ್ಡ ಟ್ರೇಲರ್ ಬೇಗ ಮಡಚುತ್ತದೆ, ಉದ್ದನೆಯದು ನಿಧಾನ. ಹಾಗಾಗಿ ಕೊಳ್ಳುವಾಗ ಮೂತಿಯ ದಂಡ ಸ್ವಲ್ಪ ಉದ್ದ ಇರುವುದನ್ನೇ ಕೊಳ್ಳಿ. ಕೊಯ್ಲು ಮುಗಿದ ಗದ್ದೆಯಲ್ಲೋ ಖಾಲಿ ಮೈದಾನದಲ್ಲೋ, ದೋಣಿ ಇಲ್ಲದ ಟ್ರೇಲರಿನಲ್ಲಿ ಕಲಿಯಿರಿ. ನಮ್ಮೂರಲ್ಲಿ ಟಿಲ್ಲರಿಗೆ ಟ್ರೇಲರ್ ಕಟ್ಟಿ ಗೊಬ್ಬರ ಹೊಡೆದವರು ಈ ವಿದ್ಯೆಯಲ್ಲಿ ಬಹಳ ಮುಂದಿದ್ದಾರೆ. ಅವರ ಪಕ್ಕ ನಿಂತು ನೋಡಿದರೆ ಅರ್ಧ ಪಾಠ ಆಯಿತು.

ಎಲ್ಲಿ ಇಳಿಸುವುದು? ಕಡಲತೀರ ಬೇಡ. ಮಲ್ಪೆಯ ಹೊಯ್ಗೆಯಾಗಲಿ ಪಡುಬಿದ್ರಿಯದ್ದಾಗಲಿ ಜನ ನಡೆಯುವ ಜಾಗ. 1901ರ ದೀಪಸ್ತಂಭ ನಿಂತಿರುವ ಕಾಪುವಿನಲ್ಲಿ ಬಂಡೆ, ಮೇಲೆ ತೆರೆ. ಅಳಿವೆಬಾಗಿಲು ಇನ್ನೂ ಅಪಾಯ: ಹೊಯ್ಗೆಯ ದಿಬ್ಬಗಳು ಜಾಗ ಬದಲಿಸುತ್ತಿರುತ್ತವೆ, ಇಳಿತದ ನೀರಿಗೆ ಕಡಲ ತೆರೆ ಎದುರಾದಾಗ ಅನುಭವಿ ಮೀನುಗಾರರೂ ಅಲ್ಲಿ ಎಚ್ಚರದಿಂದ ಹೋಗುತ್ತಾರೆ. ಸಣ್ಣ ದೋಣಿಗೆ ಒಳಹೊಳೆಯೇ ಸರಿ. ಕುದ್ರುಗಳ ನಡುವೆ, ಕಾಂಡ್ಲಾ ಕಾಡಿನ ಅಂಚಿನಲ್ಲಿ, ಮರುವಾಯಿ ಹೆಕ್ಕುವವರಿಗೆ ತೊಂದರೆಯಾಗದಂತೆ ನಿಧಾನ ಹೋಗುವ ಸುಖ ಬೇರೆ ಎಲ್ಲಿದೆ?

ಆದರೆ ಈ ಒಳಹೊಳೆಗೂ ಭರತ ಇಳಿತ ಉಂಟು. ದಿನಕ್ಕೆ ಎರಡು ಭರತ, ಎರಡು ಇಳಿತ, ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸು ನೀರಿನ ಮಟ್ಟದಲ್ಲಿ ಒಂದು ಮೀಟರಿಗಿಂತ ಹೆಚ್ಚು ವ್ಯತ್ಯಾಸ. ದಂಡೆ ಎಂಟಕ್ಕೆ ಒಂದರ ಇಳಿಜಾರಿನಲ್ಲಿದ್ದರೆ ಆ ಒಂದು ಮೀಟರ್ ಇಳಿಯುವಾಗ ಎಂಟು ಮೀಟರ್ ಕೆಸರು ಹೊರಬೀಳುತ್ತದೆ. ಬೆಳಿಗ್ಗೆ ತುಂಬು ನೀರಿನಲ್ಲಿ ಸಲೀಸಾಗಿ ಇಳಿಸಿದವರು ಮಧ್ಯಾಹ್ನ ಬಂದು ನೋಡಿದರೆ ದೋಣಿಗೂ ಟ್ರೇಲರಿಗೂ ನಡುವೆ ಮೊಣಕಾಲುದ್ದ ಕೆಸರು. ಏರುವ ನೀರಿನಲ್ಲಿ ಇಳಿಸಿ, ಇಳಿತ ಜೋರಾಗುವ ಮೊದಲು ಹತ್ತಿಸಿ. ದಂಡೆಯಲ್ಲಿ ಬಲೆ ಸರಿಮಾಡುತ್ತ ಕೂತ ಹಿರಿಯರನ್ನು "ಅಣ್ಣ, ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆ?" ಎಂದು ಕೇಳಿ. ಫೋನಿನ ಪಟ್ಟಿಗಿಂತ ಅವರು ಆ ಜಾಗವನ್ನು ಚೆನ್ನಾಗಿ ಬಲ್ಲರು. ಮಳೆಗಾಲದಲ್ಲಿ ಹೊಳೆಗೆ ಇಳಿಯಲೇಬೇಡಿ.

ನೀರಿನಂಚಿಗೆ ಬಂದ ಕೂಡಲೇ ಟ್ರೇಲರನ್ನು ನೀರಿಗೆ ನೂಕಬಾರದು. ಹೆದ್ದಾರಿಯಲ್ಲಿ ಓಡಿದ ಟ್ರೇಲರಿನ ಚಕ್ರದ ಹಬ್ ಬಿಸಿಯಾಗಿರುತ್ತದೆ. ಬಿಸಿ ಹಬ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿನಿಂದ ಉಪ್ಪುನೀರನ್ನು ಎಳೆದುಕೊಳ್ಳುತ್ತದೆ, ಮುಂದಿನ ಪ್ರಯಾಣಗಳಲ್ಲಿ ಬೇರಿಂಗ್ ಸಾಯುತ್ತದೆ. ಕಾಲು ಗಂಟೆ ಕಾಯಿರಿ. ಆ ಹೊತ್ತಿನಲ್ಲಿ ಲೈಟಿನ ಪ್ಲಗ್ ಕಳಚಿ, ಹಿಂದಿನ ಪಟ್ಟಿ ಬಿಚ್ಚಿ, ದೋಣಿಯ ತಳದ ಬೂಚು ಹಾಕಿದ್ದೀರಾ ಎಂದು ನೋಡಿ. ದೋಣಿಯ ಮೂತಿಯನ್ನು ಟ್ರೇಲರಿಗೆ ಬಿಗಿದ ಮುಂದಿನ ಕೊಕ್ಕೆಯನ್ನು ಮಾತ್ರ ದೋಣಿ ತೇಲುವವರೆಗೆ ಬಿಚ್ಚಬೇಡಿ. ಥಾರ್, ಜಿಮ್ನಿಗಳಲ್ಲಿ ಗೇರಿನ ಪಕ್ಕದ ಸಣ್ಣ ಲಿವರಿಗೆ ಕೆಲಸ ಬರುವುದು ಈಗ: ಫೋರ್-ಲೋಗೆ ಹಾಕಿ, ಕ್ಲಚ್ ಸುಡದೆ ಅಂಗುಲ ಅಂಗುಲ ಇಳಿಸಿ. ಹೊಯ್ಗೆಯಾದರೆ ಟೈರಿನ ಗಾಳಿಯನ್ನು ಹದಿನಾರು ಹದಿನೆಂಟು ಪಿಎಸ್‌ಐಗೆ ಇಳಿಸಿ, ಡಾಂಬರಿಗೆ ಬಂದ ಮೇಲೆ ತುಂಬಿಸಿ. ಒಣ ಡಾಂಬರಿನ ಮೇಲೆ ನಾಲ್ಕೂ ಚಕ್ರದ ಎಳೆತ ಇಟ್ಟುಕೊಂಡು ತಿರುಗಿಸಬೇಡಿ, ಈ ಗಾಡಿಗಳಿಗೆ ನಡುವಿನ ಡಿಫರೆನ್ಷಿಯಲ್ ಇಲ್ಲ. ಗಾಡಿ ನಿಲ್ಲಿಸಿ ಇಳಿಯುವ ಮುಂಚೆ ಹ್ಯಾಂಡ್‌ಬ್ರೇಕ್, ಗೇರು, ಚಕ್ರಕ್ಕೆ ಅಡ್ಡಗಲ್ಲು ಮೂರೂ ಆಗಬೇಕು. ಮನೆಗೆ ಬಂದ ದಿನವೇ ಸಿಹಿನೀರಿನಲ್ಲಿ ಟ್ರೇಲರ್, ಬ್ರೇಕು, ಗಾಡಿಯ ಹೊಟ್ಟೆ ಎಲ್ಲವನ್ನೂ ತೊಳೆಯಿರಿ.

ಇಷ್ಟೆಲ್ಲ ಕಲಿತರೂ ಇಲ್ಲಿ ಒಂದು ಕೊರತೆ ಉಳಿಯುತ್ತದೆ. ಮೀನುಗಾರಿಕೆಗೆ ದಕ್ಕೆಗಳಿವೆ, ಕಡವುಗಳಿವೆ. ಟ್ರೇಲರಿನಿಂದ ಸಣ್ಣ ದೋಣಿ ಇಳಿಸಲೆಂದೇ ಕಟ್ಟಿದ ಇಳಿಜಾರು ಹಾಸು ಕಲ್ಯಾಣಪುರದ ದಂಡೆಗೆ ಬೇಕು. ಇದು ಹವ್ಯಾಸಿಗಳ ಬೇಡಿಕೆ ಮಾತ್ರವಲ್ಲ. 2020ರ ಸೆಪ್ಟೆಂಬರ್ 20ರ ನೆರೆ ಮರೆಯುವಂಥದ್ದಲ್ಲ. ರಾತ್ರಿ ಬೆಳಗಾಗುವುದರೊಳಗೆ ಉಡುಪಿಯ ತಗ್ಗುಪ್ರದೇಶಗಳು ಮುಳುಗಿ, ಮನೆಯೊಳಗಿನ ಜನರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ಅಂಥ ಬೆಳಿಗ್ಗೆ ಟ್ರೇಲರಿನ ಮೇಲೆ ಸಿದ್ಧವಾಗಿರುವ ದೋಣಿ, ಅದನ್ನು ಒಯ್ಯಲು ನಾಲ್ಕೂ ಚಕ್ರ ಎಳೆಯುವ ಗಾಡಿ, ರಿವರ್ಸ್ ಬಲ್ಲ ಚಾಲಕ, ಇಳಿಸಲು ಗಟ್ಟಿ ನೆಲ ನಾಲ್ಕೂ ಒಟ್ಟಿಗಿದ್ದರೆ ಉಳಿಯುವ ಪ್ರತಿ ನಿಮಿಷವೂ ಜೀವದ ಬೆಲೆಯದ್ದು.

ಬೇಕಾದ್ದು ದೊಡ್ಡದೇನಲ್ಲ. ನಾಲ್ಕು ಮೀಟರ್ ಅಗಲ, ಎಂಟಕ್ಕೆ ಒಂದರ ಇಳಿಜಾರು, ಟೈರ್ ಜಾರದಂತೆ ಅಡ್ಡ ಗೀರು ಹಾಕಿದ ಕಾಂಕ್ರೀಟ್, ತೀರಾ ಇಳಿತದಲ್ಲೂ ನೀರೊಳಗೇ ಇರುವಷ್ಟು ಉದ್ದ, ಮೇಲೆ ಟ್ರೇಲರ್ ತಿರುಗಿಸುವ ಜಾಗ, ಒಂದು ಸಿಹಿನೀರಿನ ನಲ್ಲಿ. 2019ರ ಕರಾವಳಿ ನಿಯಂತ್ರಣ ವಲಯ (ಸಿಆರ್‌ಝಡ್) ಅಧಿಸೂಚನೆಯಂತೆ ಅನುಮತಿ ಪಡೆದು, ಕಾಂಡ್ಲಾ ಇಲ್ಲದ ಕಡೆ ಕಟ್ಟಬೇಕು. ಮೊದಲ ಹಕ್ಕು ಹೊಳೆಯನ್ನೇ ನಂಬಿದ ಮೀನುಗಾರರಿಗೆ ಇರಲಿ, ಜಾಗವನ್ನೂ ಅವರೇ ತೋರಿಸಲಿ. ಸ್ವರ್ಣೆಯ ದಂಡೆಯ ಓದುಗರೇ, ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ಬರೆದುಕೊಟ್ಟು ನಡಾವಳಿ ಪುಸ್ತಕಕ್ಕೆ ಸೇರಿಸಿಬನ್ನಿ.