ಚಿತ್ರತುರಗವೂ ಚಿತ್ರಸಮುದ್ರವೂ

ಅನುಕರಣದ ಯೋಗ್ಯತೆಯನ್ನು ಹೋಲಿಕೆಯಿಂದ ಅಳೆಯಬೇಕೋ ಫಲದಿಂದ ಅಳೆಯಬೇಕೋ ಎಂಬುದು ನಮ್ಮ ಅಲಂಕಾರಶಾಸ್ತ್ರದಲ್ಲಿ ಪುರಾತನವಾದ ಜಿಜ್ಞಾಸೆ. ಶ್ರೀಶಂಕುಕನು ನಾಟ್ಯಾನುಕರಣವನ್ನು ಚಿತ್ರದಲ್ಲಿ ಬರೆದ ಕುದುರೆಗೆ ಹೋಲಿಸಿದನು; ಅಭಿನವಗುಪ್ತನು ಆ ಮತವನ್ನು ಉದ್ಧರಿಸಿ ಖಂಡಿಸಿದನು. ಸಹೃದಯನಿಗೆ ಚಿತ್ರತುರಗವು ಸಾಕಾಗಬಹುದು. ಸವಾರಿಯನ್ನು ಕಲಿಯತಕ್ಕವನಿಗೆ ಅದು ಸಾಲದು. ಯುದ್ಧವಿಮಾನಗಳ ಸಿಮ್ಯುಲೇಟರುಗಳೆಂಬ ಈ ಕಾಲದ ದೃಶ್ಯಕೃತಿಗಳನ್ನು ವಿಮರ್ಶಿಸುವಾಗ ಈ ಭೇದವನ್ನು ಮರೆಯಲಾಗದು.

ದೊಡ್ಡಬಳ್ಳಾಪುರಕ್ಕೂ ಬೆಂಗಳೂರಿಗೂ ನಡುವೆ ಯಲಹಂಕದ ವಾಯುಸೇನಾನೆಲೆಯಿದೆ. ಆದಕಾರಣ ಆ ಊರಿನವರಿಗೆ ವಿಮಾನದ ಸದ್ದು ಪರಿಚಿತವಾದದ್ದು. ಕಡಲಿನ ಸದ್ದು ಹಾಗಲ್ಲ. ಅಲ್ಲಿ ಕುಳಿತು ಗಣಕಯಂತ್ರದ ತೆರೆಯ ಮೇಲೆ ಎರಡನೆಯ ಮಹಾಯುದ್ಧದ ವಿಮಾನವನ್ನು ನಡೆಸುವ ತರುಣನಿಗೆ ಸಮುದ್ರವೆಂದರೆ ಕೃತಿಕಾರನು ತೋರಿಸಿದಷ್ಟೇ. ಅಷ್ಟಾದಶವರ್ಣನೆಯ ನಿಯಮಕ್ಕಾಗಿ ಕಾಣದ ಕಡಲನ್ನು ವರ್ಣಿಸಿದ ಒಳನಾಡಿನ ಕವಿಯ ಓದುಗನ ಸ್ಥಿತಿಯೂ ಇಂತಹದೇ. ಆ ಯುದ್ಧಕಾಲದಲ್ಲಿ ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಗೆ ದುರಸ್ತಿಗಾಗಿ ಬಂದ ಕ್ಯಾಟಲೀನಾ ನೀರ್ವಿಮಾನಗಳು ಬೆಳ್ಳಂದೂರು ಕೆರೆಯ ಮೇಲೆ ಇಳಿದುದುಂಟು. ಆದರೆ ಅವು ನೀರಿಗಾಗಿಯೇ ರಚಿತವಾದವು. ಕೆರೆಗೆ ಕಡಲಿನ ಉಬ್ಬರದಲೆಯೂ ಇಲ್ಲ.

ನೆಲದ ವಿಮಾನವು ಗತ್ಯಂತರವಿಲ್ಲದೆ ಕಡಲಿಗಿಳಿಯುವುದು ಬೇರೆಯೇ ಬಗೆ. ಅಲ್ಲಿ ವೈಮಾನಿಕನು ಗಾಳಿಯೊಂದನ್ನೇ ನೋಡಿದರೆ ಸಾಲದು; ಉಬ್ಬರದಲೆಗಳ ಸಾಲನ್ನು ಗಮನಿಸಿ, ಸಾಮಾನ್ಯವಾಗಿ ಅದಕ್ಕೆ ಸಮಾನಾಂತರವಾಗಿ, ಗಾಲಿಗಳನ್ನು ಮಡಚಿಕೊಂಡು, ಹತೋಟಿ ತಪ್ಪದಷ್ಟು ಕಡಮೆ ವೇಗದಲ್ಲಿ ಇಳಿಯಬೇಕು. ವಿಮಾನದ ಆಕಾರವೂ ಅವನ ಗತಿಯನ್ನು ನಿರ್ಣಯಿಸುತ್ತದೆ. ಮಸ್ಟಾಂಗಿನ ಹೊಟ್ಟೆಯಡಿಯ ಗಾಳಿಕೊಳವೆ ನೀರನ್ನು ಬಾಚಿಕೊಂಡು ಮೂತಿಯನ್ನು ಮುಳುಗಿಸುವುದರಿಂದ, ಅದರ ವೈಮಾನಿಕರಿಗೆ ಧುಮುಕುಕೊಡೆಯೇ ಮೇಲೆಂಬ ಸಲಹೆಯಿತ್ತು. ಬಿ–24 ಬಾಂಬರಿನ ಬಾಂಬುಕೋಣೆಯ ಬಾಗಿಲುಗಳು ದುರ್ಬಲ. ನೀರಿನ ಹೊಡೆತಕ್ಕೆ ಅವು ಕುಸಿದರೆ ಒಡಲೇ ಮುರಿಯುವ ಭಯ. ಇದನ್ನು ಪರೀಕ್ಷಿಸಲು 1944ರಲ್ಲಿ ಅಮೆರಿಕದವರು ವರ್ಜೀನಿಯದ ಜೇಮ್ಸ್ ನದಿಯಲ್ಲಿ ನಿಜವಾದ ಬಿ–24 ವಿಮಾನವನ್ನೇ ಇಳಿಸಿ ನೋಡಿದರು. ಹೋಲಿಕೆ ಸಾಲದೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷಿ ಬೇಕಿಲ್ಲ.

ಎಡ್ವಿನ್ ಲಿಂಕನು 1929ರಲ್ಲಿ ನಿರ್ಮಿಸಿದ, ಯುದ್ಧದಲ್ಲಿ ಬಹುವಾಗಿ ಬಳಕೆಗೆ ಬಂದ ಅಭ್ಯಾಸಯಂತ್ರದಲ್ಲಿ ಸಮುದ್ರವೇ ಇರಲಿಲ್ಲ. ಮುಚ್ಚಿದ ಪೆಟ್ಟಿಗೆಯೊಳಗೆ ಶಿಷ್ಯನು ಮುಳ್ಳುಗಳನ್ನು ನೋಡಿ ಹಾರಲು ಕಲಿಯುತ್ತಿದ್ದನು. ನೀರಿಗಿಳಿದ ಮೇಲಿನ ಕರ್ತವ್ಯವನ್ನು, ಎಂದರೆ ರಬ್ಬರು ದೋಣಿಯನ್ನು ಬಿಡಿಸಿ ಹತ್ತುವುದನ್ನು, ಈಜುಕೊಳದಲ್ಲಿ ಪ್ರತ್ಯೇಕವಾಗಿ ಕಲಿಸುತ್ತಿದ್ದರು. ಆ ಯಂತ್ರವು ತಾನು ಅರಿಯದುದನ್ನು ಅರಿತಂತೆ ನಟಿಸಲಿಲ್ಲ. ಅದು ಅದರ ಪ್ರಾಮಾಣಿಕತೆ. ಈಚಿನ ಆಟಗಳು ಅಲೆಯ ಹೊಳಪನ್ನೂ ನೊರೆಯ ಬಿಳುಪನ್ನೂ ಬೆರಗಾಗುವಂತೆ ಬರೆಯುತ್ತವೆ. ಆದರೂ ಹಲವು ಆಟಗಳಲ್ಲಿ ನೀರು ಸೋಕಿದೊಡನೆ ವಿಮಾನವು ಸಿಡಿಯುತ್ತದೆ, ಇಲ್ಲವೆ ಗದ್ದೆಯ ಮೇಲೆಂಬಂತೆ ಜಾರಿ ನಿಲ್ಲುತ್ತದೆ. ಅಲ್ಲಿಗೆ ಕಥೆ ಮುಗಿಯುತ್ತದೆ. ವರ್ಣನೆಯಿದೆ, ವಸ್ತುಧರ್ಮವಿಲ್ಲ.

ಆಟದ ಉದ್ದೇಶವು ವಿನೋದ, ತಣ್ಣೀರಿನಲ್ಲಿ ದೋಣಿಗಾಗಿ ತಡಕಾಡುವುದನ್ನು ಯಾರು ಬಯಸುವರು ಎಂದು ಆಕ್ಷೇಪಿಸಬಹುದು. ಈ ಆಕ್ಷೇಪವನ್ನು ಅಲ್ಲಗಳೆಯಲಾಗದು. ವಿನೋದವೆಂದೇ ಹೇಳಿಕೊಳ್ಳುವ ಕೃತಿಗೆ ಅದು ಸಲ್ಲುತ್ತದೆ. ಮೊಳೆಮೊಳೆಯೂ ನಿಜವೆಂದು ಸಾರುವ ಕೃತಿಗೆ ಸಲ್ಲದು. ಕ್ಷೇಮೇಂದ್ರನು ಹೇಳುವ ಔಚಿತ್ಯವು ಇಂತಹ ಕಡೆಯಲ್ಲಿಯೇ ಕೆಡುವುದು: ಗುಂಡಿಯ ಬಣ್ಣಕ್ಕೆ ಕೊಟ್ಟ ಶ್ರದ್ಧೆಯನ್ನು ಮನುಷ್ಯನ ಪ್ರಾಣಸಂಕಟಕ್ಕೆ ಕೊಡದಿರುವುದು. ಕಡಲಿಗಿಳಿದು ಬದುಕಿದವರೂ ಬದುಕದವರೂ ನಿಜವಾಗಿ ಇದ್ದವರು. ಅವರ ಪಾಲಿಗೆ ನೀರನ್ನು ಮುಟ್ಟಿದ ಕ್ಷಣವು ಅಂಕದ ಪರದೆಯಲ್ಲ. ಕರುಣವೋ ವೀರವೋ, ಮುಂದಿನ ರಸಕ್ಕೆ ಆರಂಭ. ಪರದೆಯನ್ನು ಅಲ್ಲಿಯೇ ಎಳೆದುಬಿಡುವ ಕೃತಿಯು ಎಷ್ಟು ಅಂದವಾಗಿ ಬರೆದಿದ್ದರೂ ಚಿತ್ರಸಮುದ್ರವಾಗಿಯೇ ಉಳಿಯುತ್ತದೆ.