ಏರಿಯಲ್ಲಿ ಮುಗಿಯದ ಕೆರೆ

ಜಪಾನಿನ ಬಿವಾ ಸರೋವರದ ಸುತ್ತ ಸೈಕಲ್ ತುಳಿಯುವವರಿಗೆ ದಾರಿ ಕೇಳುವ ಗೊಡವೆಯೇ ಇಲ್ಲ. ನೀರನ್ನು ಒಂದೇ ಮಗ್ಗುಲಲ್ಲಿ ಇಟ್ಟುಕೊಂಡು ದಡ ಹಿಡಿದರೆ ಸುಮಾರು 200 ಕಿಲೋಮೀಟರಿನ ಸುತ್ತು ಮುಗಿಸಿ ಹೊರಟಲ್ಲಿಗೇ ಬಂದು ನಿಲ್ಲುತ್ತಾರೆ. 2019ರಲ್ಲಿ ಆ ದಾರಿಗೆ ರಾಷ್ಟ್ರೀಯ ಸೈಕಲ್ ಮಾರ್ಗವೆಂಬ ಮನ್ನಣೆಯೂ ಸಿಕ್ಕಿತು. ಅಂಥ ಚಿತ್ರಗಳನ್ನು ನೋಡಿದವರು ಮಂಡ್ಯ ಸೀಮೆಯ ಕೆರೆಗಳಿಗೂ ಅದೇ ಆಸೆಯಿಂದ ಬರುತ್ತಾರೆ. ಏರಿಯ ಮೇಲೆ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ರಸ್ತೆ ನೀರನ್ನು ಬಿಟ್ಟು ಗದ್ದೆಯ ಕಡೆಗೆ ಇಳಿಯುತ್ತದೆ. ಸುತ್ತು ಹಾಕುವ ಆಸೆ ಅಲ್ಲಿಗೇ ನಿಲ್ಲುತ್ತದೆ.

ಅಲ್ಲಿಂದಲೇ ಹಿಂದಿರುಗಬೇಡಿ ಎನ್ನುವುದಕ್ಕಾಗಿ ಈ ವಾರದ ಅಂಕಣ. ಬಿವಾ ನೆಲವೇ ಕುಸಿದು ಆದ ಸರೋವರ, ಅದಕ್ಕೆ ನಾಲ್ಕು ಕಡೆಯೂ ದಡ. ನಮ್ಮದು ಕಟ್ಟಿದ ಕೆರೆ. ಇಳಿಜಾರಿನ ತಗ್ಗಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ, ತೂಬಿಟ್ಟು, ಹೆಚ್ಚಿದ ನೀರು ಹರಿದುಹೋಗಲು ಕೋಡಿ ಬಿಟ್ಟು ಹಿರಿಯರು ನಿಲ್ಲಿಸಿದ ನೀರು ಅದು. ರಸ್ತೆ ಇರುವುದು ಏರಿಯ ಮೇಲೆ ಮಾತ್ರ. ಉಳಿದ ಮೂರು ಕಡೆ ನೀರು ಎಲ್ಲಿ ಮುಗಿಯಿತು, ಹೊಲ ಎಲ್ಲಿ ಶುರುವಾಯಿತು ಎಂಬುದು ಆಯಾ ವರ್ಷದ ಮಳೆಗೆ ಬಿಟ್ಟ ಮಾತು. ಹಾಗಾಗಿ ಇಲ್ಲಿ ಕೆರೆ ಸುತ್ತಬೇಕೆಂದರೆ ಅದರ ನೀರು ಬರುವ ದಾರಿ, ಹೋಗುವ ದಾರಿ, ಅದನ್ನು ನಂಬಿದ ಊರುಗಳು ಎಲ್ಲವನ್ನೂ ಸೇರಿಸಿ ಸುತ್ತಬೇಕು. ಸುತ್ತು ದೊಡ್ಡದಾಗುತ್ತದೆ, ಸವಾರಿಗೆ ಅರ್ಥವೂ ಬರುತ್ತದೆ.

ಈ ಸುತ್ತಿನ ಗೆರೆಯನ್ನು ನಾನು ನಕ್ಷೆಯಿಂದ ತೆಗೆದುಕೊಂಡಿಲ್ಲ, ಹಕ್ಕಿಗಳಿಂದ ತೆಗೆದುಕೊಂಡಿದ್ದೇನೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರೊಳಗೆ ಮೇಯುವುದಿಲ್ಲ. ಹುಣಸೆ, ಆಲ, ಅರಳಿ ಮರಗಳ ಮೇಲೆ ಮರಿಗಳನ್ನು ಬಿಟ್ಟು ಮೀನಿಗಾಗಿ ಶಿಂಷಾ ನದಿಗೆ, ಮದ್ದೂರು ಕೆರೆಗೆ, ತೈಲೂರು ಕೆರೆಗೆ, ಸೂಳೆಕೆರೆಗೆ ಹಾರುತ್ತವೆ. ಈ ನಾಲ್ಕು ನೀರು ಮತ್ತು ಒಂದು ಊರನ್ನು ಹಳ್ಳಿರಸ್ತೆಗಳಿಂದ ಹೊಲಿದರೆ ಬೆಳಗಿನ ಒಂದು ಹೊತ್ತಿಗೆ ಸರಿಹೋಗುವ ದಾರಿ ಸಿಗುತ್ತದೆ. (ಚನ್ನಗಿರಿಯ ಶಾಂತಿಸಾಗರಕ್ಕೂ ಸೂಳೆಕೆರೆ ಎಂದೇ ಹೆಸರು. ಇಲ್ಲಿ ಹೇಳುತ್ತಿರುವುದು ಕೆ.ಎಂ. ದೊಡ್ಡಿ ಬಳಿಯ ಕೆರೆ.)

ಏರಿಯ ಮೇಲಿನ ಸವಾರಿಯ ಸುಖವೇ ಬೇರೆ. ಒಂದು ಮಗ್ಗುಲಲ್ಲಿ ನೀರು ಚಕ್ರದ ಮಟ್ಟಕ್ಕೇ ಬಂದಂತಿರುತ್ತದೆ, ಇನ್ನೊಂದು ಮಗ್ಗುಲಲ್ಲಿ ಭತ್ತದ ಅಚ್ಚುಕಟ್ಟು, ತೆಂಗಿನ ತಲೆಗಳು ಕೆಳಗೆ. ಏರುತಗ್ಗಿಲ್ಲ, ಗೇರ್ ಬದಲಿಸುವ ಕೆಲಸವಿಲ್ಲ. ಆದರೆ ಗಾಳಿಗೆ ಅಲ್ಲಿ ಮರೆ ಇಲ್ಲ. ಆಷಾಢದಲ್ಲಿ ಅಡ್ಡಗಾಳಿ ಬೀಸಿದಾಗ ಆಳವಾದ ರಿಮ್ಮಿನ ಚಕ್ರ ಹಾಕಿಕೊಂಡವರು ಹ್ಯಾಂಡಲನ್ನು ಎರಡು ಕೈಯಲ್ಲೂ ಬಿಗಿಹಿಡಿದೇ ಸಾಗಬೇಕು. ಈ ಸೀಮೆಗೆ ಸಾಧಾರಣ ರಿಮ್ಮೇ ಸಾಕು. ಸೈಕಲ್ಲಿನ ಬೆಲೆಗೂ ಏರಿಯ ಮೇಲಿನ ಸುಖಕ್ಕೂ ಸಂಬಂಧವಿಲ್ಲವೆಂಬುದು ನನ್ನ ಗಟ್ಟಿ ನಂಬಿಕೆ.

ಏರಿಯಿಂದ ನೋಡಿದರೆ ಸಿಗುವುದು ಅರ್ಧ ಕೆರೆ ಮಾತ್ರ. ನೀರು ಅತಿ ಆಳವಾಗಿರುವುದು ಏರಿಯ ಬುಡದಲ್ಲಿ, ಅಲ್ಲಿ ಈಜುತ್ತ ಮೀನು ಬಾಚುವುದು ಹೆಜ್ಜಾರ್ಲೆಯ ಕೆಲಸ. ಬಣ್ಣದ ಕೊಕ್ಕರೆಗೆ ಬೇಕಾದ್ದು ಮೊಣಕಾಲುದ್ದದ ನೀರು. ಅದು ಕಣ್ಣಿಗಿಂತ ಸ್ಪರ್ಶವನ್ನು ನಂಬುವ ಹಕ್ಕಿ. ಅರೆತೆರೆದ ಕೊಕ್ಕನ್ನು ಕಲಕು ನೀರಿನಲ್ಲಿ ಅದ್ದಿ ಅತ್ತಿತ್ತ ಆಡಿಸುತ್ತದೆ, ಮೀನು ತಾಗಿದೊಡನೆ ಕೊಕ್ಕು ಮುಚ್ಚಿಕೊಳ್ಳುತ್ತದೆ. ಅಂಥ ತೆಳುನೀರು ಇರುವುದು ಏರಿಯ ಎದುರು ತುದಿಯಲ್ಲಿ, ಕೆರೆಯ ಅಂಗಳದ ಕಡೆ. ಕೊಕ್ಕರೆ ನೋಡಬೇಕೆನ್ನುವವರು ಏರಿ ಬಿಟ್ಟು ಹಳ್ಳಿಯೊಳಗಿನ ರಸ್ತೆ ಹಿಡಿದು, ಬಂಡಿದಾರಿಯ ಬಾಯಲ್ಲಿ ಸೈಕಲ್ ಒರಗಿಸಿ ನಡೆಯಬೇಕು. ಬಂಡಿದಾರಿಯ ಬಾಯಿಗೆ ಹತ್ತಿರವಾಗುವಾಗ ಪೆಡಲ್ ಹಗುರವಾಗಿ ತಿರುಗುತ್ತಲೇ ಇರಲಿ. ಕಾಲು ನಿಲ್ಲಿಸಿದರೆ ಹಿಂಚಕ್ರದ ಫ್ರೀವೀಲ್ ಕಟಕಟ ಎನ್ನುತ್ತದೆ, ಬಯಲಿನಲ್ಲಿ ಆ ಸದ್ದು ಬಹಳ ದೂರ ಹೋಗುತ್ತದೆ.

ಕಾಡು ಎಲ್ಲಿ ಎಂದು ಕೇಳಬಹುದು. ಇಲ್ಲಿನ ಕೆರೆಯ ಕಾಡೆಂದರೆ ಅಂಗಳದಲ್ಲಿ ಬೆಳೆದ ಕರಿಜಾಲಿ. ಮಳೆಗಾಲದಲ್ಲಿ ಸೊಂಟದವರೆಗೆ ನೀರಿನಲ್ಲಿ ನಿಂತು, ಬೇಸಿಗೆಯಲ್ಲಿ ಬಿರುಕುಬಿಟ್ಟ ಕೆಸರಿನಲ್ಲಿ ನಿಂತು, ಎರಡನ್ನೂ ತಾಳುವ ಮರ ಅದು. ರಾಜ್ಯದ ಎಷ್ಟೋ ಕೆರೆಯಂಗಳಗಳಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಅರಣ್ಯ ಇಲಾಖೆಯೇ ಅದನ್ನು ನೆಟ್ಟು ಬೆಳೆಸಿತು. ಸುತ್ತ ನೀರಿದ್ದರೆ ಬೆಕ್ಕು, ನಾಯಿ ಹತ್ತಲಾರವಾದ್ದರಿಂದ ಬೆಳ್ಳಕ್ಕಿ, ನೀರುಕಾಗೆಗಳಿಗೆ ಅದು ಒಳ್ಳೆಯ ತಾಣ. ಸವಾರನಿಗೆ ಅದರ ಮುಳ್ಳು ಬೇರೆ ವಿಷಯ. ಉರುವಲಿಗೆ ಕಡಿದು ಸಾಗಿಸುವಾಗ ಉದುರಿದ ಒಂದು ಕವಲು ಸಾಕು, ತೆಳು ಟೈರಿನ ಕಥೆ ಮುಗಿಯಿತು. 23 ಮಿಲಿಮೀಟರಿನ ಟೈರನ್ನು ಮನೆಯಲ್ಲೇ ಬಿಟ್ಟು 28 ಅಥವಾ 32ರದ್ದನ್ನು ಹಾಕಿಕೊಳ್ಳಿ, ಗಾಳಿ ಸ್ವಲ್ಪ ಕಡಿಮೆ ತುಂಬಿಸಿ. ಎರಡು ಟ್ಯೂಬು, ಪ್ಯಾಚು, ಕೈಪಂಪು ಜೊತೆಗಿರಲಿ. ಮುಳ್ಳು ಚುಚ್ಚಿದ ಮೇಲೆ ಟ್ಯೂಬ್ ಬದಲಿಸಿ ಹೊರಡುವ ಮೊದಲು ಟೈರಿನ ಒಳಮೈಯನ್ನು ಬೆರಳಿಂದ ಸವರಿ ನೋಡಿ. ಮುರಿದ ತುದಿ ಒಳಗೇ ಉಳಿದಿದ್ದರೆ ಹೊಸ ಟ್ಯೂಬೂ ನಾಲ್ಕು ಹೆಜ್ಜೆಗೆ ಕೂರುತ್ತದೆ.

ಕೊಕ್ಕರೆ ಬೆಳ್ಳೂರಿಗೆ ಹಳೆಯ ಬೆಂಗಳೂರು–ಮೈಸೂರು ರಸ್ತೆಯ ರುದ್ರಾಕ್ಷಿಪುರದಿಂದ ಸುಮಾರು 12 ಕಿಲೋಮೀಟರ್. ಹಕ್ಕಿಗಳು ಡಿಸೆಂಬರ್, ಜನವರಿ ಹೊತ್ತಿಗೆ ಬಂದು ಮುಂಗಾರಿಗೆ ಮುಂಚೆ ಮರಿಗಳೊಂದಿಗೆ ಹೊರಡುತ್ತವೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ 1976ರಲ್ಲಿ ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. ಅದಕ್ಕೂ ಮುಂಚೆ ಎಷ್ಟೋ ತಲೆಮಾರುಗಳಿಂದ ಊರಿನವರು ಹಿತ್ತಿಲ ಹುಣಸೆಮರವನ್ನು ಹಕ್ಕಿಗೆ ಬಿಟ್ಟುಕೊಟ್ಟಿದ್ದರು. ಮರದ ಕೆಳಗೆ ಗುಂಡಿ ತೋಡಿ, ಬೀಳುವ ಹಿಕ್ಕೆಯನ್ನು ಹೂಳುಮಣ್ಣಿನ ಜೊತೆ ಬೆರೆಸಿ ಹೊಲಕ್ಕೆ ಗೊಬ್ಬರವಾಗಿ ಹೊಡೆಯುವ ಪದ್ಧತಿ ಅವರದು. 1994ರಲ್ಲಿ ಕೆ. ಮನು ಅವರ ಮುತುವರ್ಜಿಯಿಂದ ಊರಿನ ಹುಡುಗರೇ ಸೇರಿ ‘ಹೆಜ್ಜಾರ್ಲೆ ಬಳಗ’ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವುದು ಬಳಗದ ಮೊದಲ ಕೆಲಸವಾಯಿತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಟ್ರ್ಯಾಕ್ಟರಿನ ಸದ್ದಿಗೆ ಒಗ್ಗಿಹೋದ ಹಕ್ಕಿಗಳಿಗೆ ನಿಮ್ಮ ಸೈಕಲ್ ಲೆಕ್ಕಕ್ಕಿಲ್ಲ. ಆದರೂ ಗೂಡಿರುವ ಮರದ ನೇರ ಕೆಳಗೆ ಗುಂಪು ಕಟ್ಟಿ ನಿಲ್ಲಬೇಡಿ, ಮರಿಗಳು ಅಂಚಿಗೆ ಬಂದಿರುವ ಮಾರ್ಚ್, ಏಪ್ರಿಲ್ ತಿಂಗಳಲ್ಲಂತೂ ಬೇಡವೇ ಬೇಡ.

2017ರ ಕೊನೆ ಮತ್ತು 2018ರ ಮೊದಲ ತಿಂಗಳುಗಳಲ್ಲಿ ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತವು. ಹೊಟ್ಟೆಯಲ್ಲಿ ಜಂತುಹುಳು ತುಂಬಿದ್ದವು. ಮೀನಿನ ಮೂಲಕ ಹಕ್ಕಿಗೆ ದಾಟುವ ಸೋಂಕು ಅದು, ಮೀನು ಬರುವುದು ಕೆರೆಯಿಂದ. ಮರ ಉಳಿಸಿದ ಊರು ತನ್ನ ಪಾಲಿನದನ್ನು ಮಾಡಿದೆ. ಹಕ್ಕಿಯ ಅಳಿವು ಉಳಿವು ಹತ್ತಾರು ಕಿಲೋಮೀಟರ್ ಆಚೆಯ ನೀರಿನ ಕೈಯಲ್ಲಿದೆ. ಕೊಕ್ಕರೆ ಬೆಳ್ಳೂರಿಗೆ ಕಾರಿನಲ್ಲಿ ಬಂದು ಚಿತ್ರ ತೆಗೆದುಕೊಂಡು ಹೋಗುವವರಿಗೆ ಈ ನಂಟು ಕಾಣಲಿಕ್ಕಿಲ್ಲ. ಊರಿನಿಂದ ಸೂಳೆಕೆರೆಯವರೆಗೆ ತುಳಿದುಕೊಂಡು ಹೋದವರಿಗೆ ಮರಿಗೆ ಒಂದು ತುತ್ತು ತರಲು ತಾಯಿ ಹಕ್ಕಿ ಎಷ್ಟು ದೂರ ಹಾರಬೇಕೆಂಬುದು ಕಾಲಿಗೇ ಗೊತ್ತಾಗುತ್ತದೆ. ಈ ಸುತ್ತನ್ನು ಸೈಕಲ್ಲಿನಲ್ಲೇ ಮಾಡಿ ಎಂದು ಒತ್ತಿ ಹೇಳುವುದು ಇದಕ್ಕಾಗಿ.

ರಸ್ತೆಗಳ ವಿಷಯ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳ ಹಾಗೆ ಸೈಕಲ್ಲಿಗೂ ಪ್ರವೇಶವಿಲ್ಲ. ನಮಗೆ ಉಳಿದದ್ದು ಸರ್ವಿಸ್ ರಸ್ತೆ ಮತ್ತು ಊರೊಳಗಿನ ಹಳೆಯ ದಾರಿ, ಅದರಿಂದ ನಷ್ಟವೇನೂ ಆಗಿಲ್ಲ. 1938ರ ಧ್ವಜ ಸತ್ಯಾಗ್ರಹದ ಶಿವಪುರದ ಸೌಧದ ಮುಂದೆ ಎರಡು ನಿಮಿಷ ನಿಲ್ಲಲು ಹಳೆಯ ದಾರಿಯಲ್ಲಿ ಹೋಗುವವರಿಗೇ ಮನಸ್ಸಾಗುತ್ತದೆ. ಹಳ್ಳಿರಸ್ತೆಗಳಲ್ಲಿ ಬಣ್ಣ ಬಳಿಯದ ಹಂಪುಗಳಿವೆ, ಊರಿನ ಮೊದಲ ಮನೆ ಕಂಡೊಡನೆ ವೇಗ ಇಳಿಸಿ. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಟಾರಿನ ಮೇಲೆಯೇ ಹರಡಿ ಒಕ್ಕಣೆಗೆ ಬಿಟ್ಟಿರುತ್ತಾರೆ. ಲಾರಿಗೆ ಅದು ತೊಂದರೆಯಲ್ಲ, ಸೈಕಲ್ಲಿಗೆ ಮಾತ್ರ ಹುರುಳಿ ಬಳ್ಳಿ ಚೈನಿಗೆ, ಹಿಂದಿನ ಗೇರಿಗೆ ಸುತ್ತಿಕೊಂಡು ಚಕ್ರವನ್ನೇ ಹಿಡಿದುಬಿಡುತ್ತದೆ. ಇಳಿದು, ಸೈಕಲ್ ಎತ್ತಿಕೊಂಡು ಪಕ್ಕದಲ್ಲಿ ದಾಟಿ. ಅದು ಅವರ ವರ್ಷದ ಅನ್ನ.

ನಾಲೆಯ ಏರಿಯ ರಸ್ತೆಗಳು ಸೈಕಲ್ ಸವಾರನಿಗೆ ಒಂದು ಪಾಠ. ಗುಡ್ಡದ ಸಮಮಟ್ಟದ ಗೆರೆ ಹಿಡಿದು ನೀರು ಹರಿಯಬೇಕಾದ್ದರಿಂದ ವಿಶ್ವೇಶ್ವರಯ್ಯ ನಾಲೆ ಮತ್ತದರ ಕವಲುಗಳು ಬಳಸಿ ಬಳಸಿ ಸಾಗುತ್ತವೆ, ಏರು ಎಂಬುದೇ ಇರುವುದಿಲ್ಲ. ಕನ್ನಂಬಾಡಿಯ ನೀರನ್ನು ಈ ಬಯಲಿಗೆ ತಂದವರು ಬಿಡಿಸಿದ ಗೆರೆ ಎಷ್ಟು ಸೂಕ್ಷ್ಮವೆಂದು ಪಕ್ಕದಲ್ಲಿ ತುಳಿದರೆ ತಿಳಿಯುತ್ತದೆ. ಆದರೆ ಎಷ್ಟೋ ಕಡೆ ತಡೆಗೋಡೆ ಇಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯಲ್ಲಿ ಬಸ್ಸು ನಾಲೆಗೆ ಉರುಳಿ 30 ಜೀವ ಹೋದವು. ಮಂಜು ಕವಿದ ಮುಂಜಾನೆ ನಾಲೆ ರಸ್ತೆ ಬೇಡ, ಜೋಡಿಯಾಗಿ ಮಾತಾಡುತ್ತ ಹೋಗುವ ಜಾಗವೂ ಅದಲ್ಲ.

ಮಳವಳ್ಳಿ ಕಡೆಗೆ ಮುಂದುವರಿಯುವವರು ಇನ್ನೊಂದು ದಿನ ಎತ್ತಿಡಿ. ನೆಟ್ಕಲ್ ಜಲಾಶಯದಿಂದ ತೊರೆಕಾಡನಹಳ್ಳಿಗೆ ಬರುವ ಕಾವೇರಿಯನ್ನು ಮೂರು ಹಂತಗಳಲ್ಲಿ ಮೇಲೆತ್ತಿ ಸುಮಾರು 100 ಕಿಲೋಮೀಟರ್ ದೂರದ ಬೆಂಗಳೂರಿಗೆ ದಬ್ಬುತ್ತಾರೆ. ಈ ನೀರಿನ ಯೋಜನೆಗಳಲ್ಲಿ ಮೊದಲನೆಯದು 1974ರದ್ದು, ಐದನೆಯದು 2024ರ ಅಕ್ಟೋಬರಿನಲ್ಲಿ ಶುರುವಾಯಿತು. ಮಳವಳ್ಳಿಯಿಂದ ರಾಜಧಾನಿಗೆ ಸೈಕಲ್ಲಿನಲ್ಲಿ ಮರಳುವವರು ಆ ನೀರಿನ ಜೊತೆಜೊತೆಗೇ ಮೇಲೇರುತ್ತಾರೆ. ನಿಜವಾದ ಕಾಡು ಬೇಕಿದ್ದರೆ ಹಲಗೂರಿನಿಂದ ಮುತ್ತತ್ತಿಗೆ ಇಳಿಯುವ ದಾರಿ ಇದೆ. ಅದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮದ ನೆಲ, ಆನೆಗಳ ಓಡಾಟವಿದೆ. ಚೆಕ್‌ಪೋಸ್ಟಿನಲ್ಲಿ ಕೇಳಿಕೊಂಡೇ ಮುಂದೆ ಹೋಗಿ, ಒಬ್ಬರೇ ಹೋಗಬೇಡಿ. ಹೋಗುವಾಗಿನ ಇಳಿಜಾರೆಲ್ಲ ಬರುವಾಗ ಏರಾಗುತ್ತದೆ, ಬಿಸಿಲೇರುವ ಮೊದಲೇ ಹಿಂದಿರುಗಿ. ನದಿಗೆ ಇಳಿಯಬೇಡಿ, ಮುತ್ತತ್ತಿಯ ಮಡುಗಳು ಈಜು ಬಲ್ಲವರನ್ನೂ ಬಿಟ್ಟಿಲ್ಲ.

ಕೆರೆ ಸುತ್ತಿಗೆ ಜನವರಿ, ಫೆಬ್ರವರಿಯೇ ಒಳ್ಳೆಯ ಕಾಲ. ಕೆರೆಯಲ್ಲಿ ನೀರಿರುತ್ತದೆ, ಗೂಡಿನಲ್ಲಿ ಹಕ್ಕಿಯೂ ಇರುತ್ತದೆ. ಬೆಳಕು ಹರಿಯುವಾಗ ಮದ್ದೂರು ಬಿಟ್ಟು, ತೈಲೂರು ಹಾದು, ಎಂಟರೊಳಗೆ ಕೊಕ್ಕರೆ ಬೆಳ್ಳೂರು ಸೇರಿ. ತಾಯಿ ಹಕ್ಕಿಗಳು ಮೇವಿಗೆ ಹೋಗಿಬರುವ ಹೊತ್ತು ಅದು. ಸೂಳೆಕೆರೆಯನ್ನು ಕೊನೆಗಿಟ್ಟುಕೊಳ್ಳಿ, ಆದರೆ ಹೊತ್ತೇರುವವರೆಗೆ ಅಲ್ಲಿ ಕೂರಬೇಡಿ. ಕೆ.ಎಂ. ದೊಡ್ಡಿಯಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ಅರೆಯುತ್ತಿರುವ ದಿನಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಮದ್ದೂರು ರಸ್ತೆಯಲ್ಲಿ ಸಾಲುಗಟ್ಟುವ ಮೊದಲೇ ಊರು ಸೇರಿಕೊಳ್ಳಿ.